ದೆಹಲಿಯ ಒಂಬತ್ತು ರೂಪಾಯಿ

ನಮ್ಮೂರಲ್ಲಿ ಕೇಂದ್ರ ಸರ್ಕಾರ ಅಂದರೆ ನಾನೇ. ಜಂಬಕ್ಕೆ ಹೇಳುತ್ತಿಲ್ಲ, ನೀವೇ ಲೆಕ್ಕ ಹಾಕಿ. ಗೋವಿನಕೋವಿಯ ಶಾಲೆ ರಾಜ್ಯದ್ದು, ಆಸ್ಪತ್ರೆ ರಾಜ್ಯದ್ದು, ಕರೆಂಟು ಹೋಗುವುದೂ ರಾಜ್ಯದ್ದೇ. ದೆಹಲಿಗೆ ಸೇರಿದ್ದು ಅಂತ ಇರುವುದು ನನ್ನ ಮನೆಯ ಮುಂದಿನ ಕೋಣೆಯ ಅಂಚೆ ಕಚೇರಿ ಒಂದೇ. ಒಂದು ಮೇಜು, ಒಂದು ತಕ್ಕಡಿ, ಒಂದು ಮುದ್ರೆ, ಮತ್ತು ಬ್ರಾಂಚ್ ಪೋಸ್ಟ್ ಮಾಸ್ಟರ್ ಪ್ರೇಮಲತಾ ಎಂಬ ನಾನು. ಹೀಗಾಗಿ ಗ್ಯಾಸ್ ಸಿಲಿಂಡರಿನ ದರ ಏರಿದರೆ ಜನ ನನ್ನ ಬಾಗಿಲ ಕಡೆ ಗುರಾಯಿಸಿಕೊಂಡು ಹೋಗುತ್ತಾರೆ. ರೈಲು ತಡವಾದರೆ ನನ್ನನ್ನು ಕೇಳುತ್ತಾರೆ. ನಮ್ಮೂರಿಗೆ ರೈಲೇ ಇಲ್ಲ.

ಇದನ್ನೆಲ್ಲ ಸಹಿಸಿಕೊಂಡೇ ಬಂದವಳು ನಾನು. ಆದರೆ ಹೋದ ವರ್ಷದ ಆಷಾಢದಲ್ಲಿ ಶಿವಮೂರ್ತಪ್ಪ ಮಾವ ದೆಹಲಿಯ ಮೇಲೆ ಯುದ್ಧ ಸಾರಿದಾಗ ಏಟು ಬಿದ್ದದ್ದು ನನಗಲ್ಲ, ನನ್ನ ಎದುರು ಮನೆಯ ಮುರುಗೇಶಪ್ಪನ ಕಿರಾಣಿ ಅಂಗಡಿಗೆ. ಮೊದಲಿಂದ ಕೊನೆಯವರೆಗೆ ಕಣ್ಣಾರೆ ಕಂಡವಳು ನಾನೊಬ್ಬಳೇ ಆದ್ದರಿಂದ ಹೇಳುವ ಕರ್ಮವೂ ನನ್ನದೇ.

ಶಿವಮೂರ್ತಪ್ಪ ನನಗೆ ಸ್ವಂತ ಮಾವನಲ್ಲ, ಊರ ಮಾವ. ಮೂವತ್ತೊಂದು ವರ್ಷ ಪಂಚಾಯ್ತಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದವರು. ಮನೆ ಕಂದಾಯ, ನಲ್ಲಿ ಕಂದಾಯ ವಸೂಲಿ ಮಾಡುವುದು ಅವರ ಕೆಲಸ. ಅವರ ಪದ್ಧತಿ ಬಹಳ ಸರಳ. ಬಾಕಿ ಉಳಿಸಿಕೊಂಡವರ ಮನೆಯ ಕಟ್ಟೆಯ ಮೇಲೆ ಬೆಳಿಗ್ಗೆ ಹೋಗಿ ಕೂರುವುದು. ನೀರು ಕೇಳುವುದು, ಮಜ್ಜಿಗೆ ಕೇಳುವುದು, ಆಮೇಲೆ ಹೊಲದ ಸುದ್ದಿ, ಬೀಗರ ಸುದ್ದಿ, ಸೊಸೆಯ ಸುದ್ದಿ ಕೇಳುವುದು. ಊಟದ ಹೊತ್ತಾಗುವಷ್ಟರಲ್ಲಿ ಮನೆಯವರು ಒಳಗಿಂದ ದುಡ್ಡು ತಂದು ಕೈಗಿಟ್ಟು ಕೈ ಮುಗಿಯುತ್ತಿದ್ದರು. ಇದಕ್ಕೂ ಬಗ್ಗದ ಕೆಂಪಕ್ಕ ಎಂಬಾಕೆಯ ಬಚ್ಚಲಿನಿಂದ ಒಮ್ಮೆ ತಾಮ್ರದ ಹಂಡೆಯನ್ನೇ ಜಪ್ತಿ ಮಾಡಿಸಿದ್ದರು. ನೀರು ಕಾದಿತ್ತಂತೆ, ಆಕೆ ತಲೆಗೆ ಸೀಗೆಪುಡಿ ಹಚ್ಚಿಕೊಂಡು ನಿಂತಿದ್ದಳಂತೆ.

ಅಂಥವರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಕೆಲಸವಿಲ್ಲದ ಬಡಗಿ ಏನು ಮಾಡಿದ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಗಾದೆಯನ್ನು ಪೂರ್ತಿ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಮುರುಗೇಶಪ್ಪನ ಅಂಗಡಿಗೆ ಬರುವುದು, ಪೇಪರ್ ಓದುವುದು, ಹನ್ನೊಂದಕ್ಕೆ ಏಳುವುದು. ಮುರುಗೇಶಪ್ಪ ಅವರ ನಲವತ್ತು ವರ್ಷದ ಗೆಳೆಯ. ಒಬ್ಬರು ಮಾತಾಡಿದರೆ ಇನ್ನೊಬ್ಬರು ಬೆಲ್ಲ ತೂಗುತ್ತಾರೆ. ಯಾರು ಯಾವುದು ಮಾಡುತ್ತಿದ್ದರು ಎಂದು ಹೇಳಬೇಕಾಗಿಲ್ಲ.

ಒಂದು ಸಂಜೆ ಟಿವಿಯ ಚರ್ಚೆಯಲ್ಲಿ ಕರಿ ಕೋಟಿನ ಒಬ್ಬರು ಮೇಜು ಕುಟ್ಟಿ ಹೇಳಿದರಂತೆ: ನಾವು ದೆಹಲಿಗೆ ಕೊಡುವುದು ಗಾಡಿಗಟ್ಟಲೆ, ವಾಪಸ್ ಬರುವುದು ಬೊಗಸೆಯಷ್ಟು, ರಾಜ್ಯದ ಜನರೆಲ್ಲ ಒಟ್ಟಾಗಿ ತೆರಿಗೆ ತಡೆಹಿಡಿದರೆ ದೆಹಲಿ ತಾನಾಗಿ ಮಾತುಕತೆಗೆ ಬರುತ್ತದೆ. ಮಾವ ಆ ಸಂಜೆ ಊಟ ಮಾಡಲಿಲ್ಲವಂತೆ. ಅವರ ಹೆಂಡತಿ ಸರ್ವಮಂಗಳಮ್ಮ ಆಮೇಲೆ ನನಗೆ ಹೇಳಿದರು, "ನಮ್ಮ ಮದುವಿ ಮಾತುಕತಿ ಮುರಿಯೋ ಹಂಗಾದಾಗ್ಲೂ ಉಂಡಿದ್ರವ್ವ ಅವ್ರು" ಎಂದು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಘೋಷಣೆಯಾಯಿತು.

"ಮುರುಗೇಶಿ, ಇವತ್ತಿಂದ ದೆಹಲಿಗೆ ತೆರಿಗೆ ಬಂದ್."

ಮುರುಗೇಶಪ್ಪ ಅವಲಕ್ಕಿ ತೂಗುತ್ತಿದ್ದರು. "ಯಾರ ತೆರಿಗಿ?"

"ನಂದು."

"ನೀನು ಯಾವಾಗ ಕಟ್ಟಿದ್ದೆ?"

ಚಳವಳಿಗೆ ಬಿದ್ದ ಮೊದಲ ಪೆಟ್ಟು ಇದು. ತೆರಿಗೆ ತಡೆಹಿಡಿಯಬೇಕಾದರೆ ಮೊದಲು ತೆರಿಗೆ ಇರಬೇಕಲ್ಲ. ಮಾವನಿಗೆ ಬರುವ ಅಲ್ಪಸ್ವಲ್ಪಕ್ಕೆ ಆದಾಯ ತೆರಿಗೆ ಹತ್ತಿರವೂ ಸುಳಿಯದು. ಎರಡು ಎಕರೆ ಗದ್ದೆಯ ಆದಾಯಕ್ಕೆ ತೆರಿಗೆಯೇ ಇಲ್ಲ. ಊರಲ್ಲೆಲ್ಲ ಹುಡುಕಿದರೂ ಆದಾಯ ತೆರಿಗೆ ಕಟ್ಟುವವರು ಸಿಕ್ಕಿದ್ದು ಒಬ್ಬರೇ, ಹೈಸ್ಕೂಲಿನ ಹೆಡ್ ಮಾಸ್ಟರು. ಅವರದ್ದು ಸಂಬಳ ಕೈಗೆ ಬರುವ ಮೊದಲೇ ಕತ್ತರಿಸಿ ಹೋಗುತ್ತದೆ. "ತಡಿಯಾಕೆ ನನ್ನ ಕೈಗೇ ಬರಲ್ಲಲ್ರೀ" ಎಂದು ಅವರು ದುಃಖದಿಂದ ಹೇಳಿದರು.

ಮೂರು ದಿನ ಮಾವ ಮಂಕಾಗಿ ಕೂತಿದ್ದರು. ನಾಲ್ಕನೆಯ ದಿನ ಹಲ್ಲುಜ್ಜುವ ಪೇಸ್ಟಿನ ಡಬ್ಬ ಕೈಯಲ್ಲಿ ಹಿಡಿದುಕೊಂಡು, ಅದರ ಮೇಲಿನ ಇರುವೆ ಸಾಲಿನಂಥ ಅಕ್ಷರ ಓದುತ್ತಾ ರಸ್ತೆಯಲ್ಲೇ ನಿಂತುಬಿಟ್ಟರು. ಎಲ್ಲ ತೆರಿಗೆಗಳೂ ಸೇರಿ ನೂರ ಹದಿನೆಂಟು ರೂಪಾಯಿ. ಆಗಿನ್ನೂ ಪೇಸ್ಟು, ಸೋಪಿಗೆಲ್ಲ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಇತ್ತು. ಅಂದರೆ ಪೇಸ್ಟಿನದ್ದು ನೂರು, ತೆರಿಗೆ ಹದಿನೆಂಟು. ಆ ಹದಿನೆಂಟರಲ್ಲಿ ಅರ್ಧ ರಾಜ್ಯದ್ದು, ಅರ್ಧ ಕೇಂದ್ರದ್ದು.

ಮಾವ ಅಂಗಡಿಗೆ ಹೋದರು, ಫೋನ್ ತೆಗೆದರು, ಕ್ಯೂಆರ್ ಕೋಡಿಗೆ ಹಿಡಿದರು, ದುಡ್ಡು ಕಳಿಸಿದರು. ಮುರುಗೇಶಪ್ಪನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ದುಡ್ಡು ಬಂದಾಗ ಕೂಗಿ ಹೇಳುವ ಡಬ್ಬಿಯೊಂದಿದೆ. ಅದರ ಕಂಠ ನಮ್ಮ ಬೀದಿಗೆಲ್ಲ ಕೇಳುತ್ತದೆ. "ನೂರ ಒಂಬತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದಿತು.

"ಒಂಬತ್ತು ರೂಪಾಯಿ ಕಮ್ಮಿ ಬಂತಲ್ಲೋ."

"ಕಮ್ಮಿ ಅಲ್ಲ. ಅದು ದೆಹಲಿದು. ತಡೆಹಿಡಿದೀನಿ. ರಾಜ್ಯದ ಒಂಬತ್ತು ರೂಪಾಯಿ ಅದರಾಗೇ ಐತೆ, ನೋಡ್ಕೋ."

"ದೆಹಲಿಯೋರು ನನ್ನ ಅಂಗಡಿಗೆ ಯಾವಾಗ ಬಂದಿದ್ರು, ಶಿವಮೂರ್ತಿ?"

"ಬಂದಿಲ್ಲ ಅಂತನೇ ತಡೆ ಹಿಡಿದಿರೋದು. ಬರಲಿ, ಮಾತಾಡಲಿ, ಕೊಡ್ತೀನಿ."

ಮುರುಗೇಶಪ್ಪ ಗೆಳೆಯನ ಮುಖ ನೋಡಿದರು. ನಾಲ್ಕು ವರ್ಷದಿಂದ ಆ ಮುಖದಲ್ಲಿ ಇಷ್ಟು ಕಳೆ ಇರಲಿಲ್ಲ. "ಆತು ಬಿಡು" ಎಂದು ಪೇಸ್ಟನ್ನು ಚೀಲಕ್ಕೆ ಹಾಕಿ ಕೊಟ್ಟರು.

ಅಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಹೊತ್ತು ಮಾತಾಡುತ್ತಿರಲಿಲ್ಲ. ಮರುದಿನ ಹತ್ತು ರೂಪಾಯಿಯ ಬಿಸ್ಕತ್ತು. ಕೇಂದ್ರದ ಪಾಲು ಎಪ್ಪತ್ತಾರು ಪೈಸೆ. ಪೈಸೆಗಳು ಚಲಾವಣೆಯಿಂದ ಹೋಗಿ ಯಾವ ಕಾಲವಾಯಿತೋ, ಆದರೆ ಫೋನಿನಲ್ಲಿ ಇನ್ನೂ ಓಡುತ್ತವೆ. "ಒಂಬತ್ತು ರೂಪಾಯಿ ಇಪ್ಪತ್ತನಾಲ್ಕು ಪೈಸೆ ಸ್ವೀಕರಿಸಲಾಗಿದೆ" ಎಂದು ಡಬ್ಬಿ ಕೂಗಿದಾಗ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಮಾವ ಎದೆಯುಬ್ಬಿಸಿ ನಿಂತರು. ಸಾಲದ್ದಕ್ಕೆ, ದುಡ್ಡು ಕಳಿಸುವಾಗ ಕಾರಣ ಬರೆಯಲು ಒಂದು ಜಾಗ ಇರುತ್ತದಲ್ಲ, ಅಲ್ಲಿ ಪ್ರತಿ ಸಲವೂ ತಪ್ಪದೆ "ಕೇಂದ್ರ ಜಿಎಸ್‌ಟಿ ಕಡಿತ, ರಾಜ್ಯ ಜಿಎಸ್‌ಟಿ ಪಾವತಿ" ಎಂದು ಬರೆಯುತ್ತಿದ್ದರು. ಬಿಲ್ ಕಲೆಕ್ಟರ್ ಅಲ್ಲವೇ, ದಾಖಲೆಯಿಲ್ಲದೆ ಕೈ ಆಡದು.

ವಾರದೊಳಗೆ ತೆರಿಗೆ ತಡೆ ಸಮಿತಿ ಹುಟ್ಟಿತು. ಅಧ್ಯಕ್ಷರು ಮಾವ. ಪ್ರಚಾರ ಕಾರ್ಯದರ್ಶಿ ಗಿಡ್ಡಪ್ಪ. ಗಿಡ್ಡಪ್ಪ ಆರಡಿ ಎರಡಂಗುಲದ ಆಸಾಮಿ. ಊರಿನ ಎಲ್ಲ ಸಮಿತಿಗಳಿಗೂ ಅವನೇ ಪ್ರಚಾರ ಕಾರ್ಯದರ್ಶಿ, ಏಕೆಂದರೆ ದೊಡ್ಡ ಫೋನ್ ಇರುವುದು ಅವನಲ್ಲಿ. ಸದಸ್ಯರು ಹನ್ನೊಂದು ಜನ. ಎಲ್ಲರೂ ಮುರುಗೇಶಪ್ಪನ ಅಂಗಡಿಯಲ್ಲಿ ಕೇಂದ್ರದ ಪಾಲು ಹಿಡಿದುಕೊಂಡು ಕೊಡತೊಡಗಿದರು. ಬೀಡಿಗೆ ಆಗ ಇಪ್ಪತ್ತೆಂಟು ಪರ್ಸೆಂಟ್ ಇತ್ತು. ಹಾಗಾಗಿ ನಾಡಿಗೆ ಹೆಚ್ಚಿನ ಸೇವೆ ಸಲ್ಲಿಸಿದವರು ಬೀಡಿ ಸೇದುವವರು ಎಂದು ಸಭೆಯಲ್ಲಿ ಅವರಿಗೆ ವಿಶೇಷ ಅಭಿನಂದನೆ ಸಲ್ಲಿಸಲಾಯಿತು. ಹಾಲಿಗೂ ಸೊಪ್ಪಿಗೂ ತೆರಿಗೆಯೇ ಇಲ್ಲವಾದ್ದರಿಂದ ಒಳ್ಳೆಯ ಅಭ್ಯಾಸದವರು ಚಳವಳಿಗೆ ನಿರುಪಯೋಗಿಗಳಾದರು. ತಡೆದ ದುಡ್ಡೆಲ್ಲ ಸಮಿತಿಯ ನಿಧಿಗೆ ಸೇರಿ, ಸಮಿತಿಯ ಸಭೆಗಳಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯಾಗಿ ಕರಗುತ್ತಿತ್ತು.

ಹಂಡೆ ಕಳೆದುಕೊಂಡ ಕೆಂಪಕ್ಕ ಒಂದು ದಿನ ಕೋಲೂರಿಕೊಂಡು ಅಂಗಡಿಗೆ ಬಂದಳು. ಎಪ್ಪತ್ತು ದಾಟಿದ ಜೀವ, ನಾಲಿಗೆಗೆ ಮಾತ್ರ ಇಪ್ಪತ್ತು.

"ಶಿವಮೂರ್ತಿ, ತೆರಿಗಿ ಕಟ್ಟಬಾರದು ಅಂತಿದೀಯಂತೆ."

"ಹೌದು ಕೆಂಪಕ್ಕ. ಅನ್ಯಾಯ ಆದಾಗ ತಡೆಹಿಡಿಯೋದು ಜನರ ಹಕ್ಕು."

"ಹಂಗಾರೆ ನನ್ನ ಹಂಡೆ ಕೊಡಪ್ಪ. ನಲ್ಯಾಗೆ ನೀರು ಬರ್ತಿರಲಿಲ್ಲ ಅಂತ ನಾನೂ ಆವಾಗ ತಡೆ ಹಿಡಿದಿದ್ದೆ."

"ಅದು ಬ್ಯಾರೆ ಕೆಂಪಕ್ಕ. ಅದು ಪಂಚಾಯ್ತಿ ಕಂದಾಯ. ಅದನ್ನ ಕಟ್ಟದೇ ಇರೋದು ತಪ್ಪು."

"ನಿನಗೆ ಕಟ್ಟದಿದ್ರೆ ತಪ್ಪು, ನೀನು ಕಟ್ಟದಿದ್ರೆ ಹಕ್ಕು" ಎಂದು ಕೆಂಪಕ್ಕ ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡು ಹೋದಳು. ಹೋಗುವಾಗ ಹೊಗೆಸೊಪ್ಪಿಗೂ ಎರಡು ರೂಪಾಯಿ ಕಡಿಮೆ ಕೊಟ್ಟಳು. ಮುರುಗೇಶಪ್ಪ ಅದಕ್ಕೂ "ಆತು ಬಿಡು" ಎಂದರು.

ಸರ್ವಮಂಗಳಮ್ಮ ಮಾತ್ರ ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟರು. ನನ್ನ ಮನೆಗೆ ಬಂದು ಕೂತು ಹೇಳಿದರು, "ಎತ್ತಿಗೆ ಜ್ವರ ಬಂದ್ರೆ ಎಮ್ಮಿಗೆ ಬರಿ ಎಳೆದ್ರಂತೆ. ಸಿಟ್ಟು ದೆಹಲಿ ಮ್ಯಾಲೆ, ಕೊಯ್ತಿರೋದು ಮುರುಗೇಶಣ್ಣನ ಕುತ್ತಿಗಿ. ಆ ಅಣ್ಣನ ಮುಖ ಹೆಂಗೆ ನೋಡಲವ್ವ ನಾನು?" ಅವರದ್ದೂ ಒಂದು ಪ್ರತಿಭಟನೆ ಇತ್ತು. ಗಂಡನಿಗೆ ಅರ್ಧ ಲೋಟ ಕಾಫಿ ಕೊಟ್ಟು, ಉಳಿದರ್ಧ ದೆಹಲಿಯದು ಎನ್ನುತ್ತಿದ್ದರು. ಮಾವ ಅದನ್ನು ಚಳವಳಿಗೆ ಮನೆಯವರು ಕೊಟ್ಟ ಬೆಂಬಲ ಎಂದು ಸಭೆಯಲ್ಲಿ ಹೇಳಿಕೊಂಡರು.

ಇಷ್ಟಾದ ಮೇಲೆ ದೆಹಲಿಗೆ ತಿಳಿಸಬೇಡವೇ. ತಿಳಿಸದೆ ತಡೆದರೆ ಅದು ಕಳ್ಳತನ ಎಂದು ಮಾವನೇ ಹೇಳಿದರು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಲಕೋಟೆ ಇಟ್ಟರು. ಒಳಗಿದ್ದದ್ದು ಪಂಚಾಯ್ತಿ ನೋಟಿಸಿನ ಭಾಷೆ: "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಗೋವಿನಕೋವಿಯಲ್ಲಿ ತಮ್ಮ ತೆರಿಗೆಯನ್ನು ತಡೆಹಿಡಿಯಲಾಗಿದೆ. ಹದಿನೈದು ದಿನಗಳೊಳಗೆ ಮಾತುಕತೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಹೊನ್ನಾಳಿ, ಚನ್ನಗಿರಿ ಮತ್ತು ಜಗಳೂರು ತಾಲ್ಲೂಕುಗಳಿಗೂ ಕ್ರಮವನ್ನು ವಿಸ್ತರಿಸಲಾಗುವುದು."

"ಸ್ಪೀಡ್ ಪೋಸ್ಟ್ ಮಾಡು, ಪ್ರೇಮಾ. ತಡ ಆಗಬಾರದು."

ತೂಗಿದೆ. "ಮೂವತ್ತೈದು ರೂಪಾಯಿ, ಜಿಎಸ್‌ಟಿ ಆರು ರೂಪಾಯಿ ಮೂವತ್ತು ಪೈಸೆ. ನಲವತ್ತೊಂದು ರೂಪಾಯಿ ಮೂವತ್ತು ಪೈಸೆ ಮಾವ."

ಮಾವ ಕಣ್ಣು ಕಿರಿದು ಮಾಡಿದರು. "ಅದರಾಗೆ ಕೇಂದ್ರದ್ದು ಮೂರು ರೂಪಾಯಿ ಹದಿನೈದು ಪೈಸೆ. ತಡೆಹಿಡಿದೀನಿ."

"ಮಿಷಿನ್ ತಗಳಲ್ಲ ಮಾವ. ಒಂದು ಪೈಸೆ ಕಮ್ಮಿ ಆದ್ರೂ ರಸೀದಿ ಬರಲ್ಲ."

"ನೋಡಿದ್ಯಾ, ದೆಹಲಿಯ ದರ್ಪ. ನಾನು ಬೈಯಾಕೆ ಬರೆದ ಕಾಗದಕ್ಕೂ ನನ್ನ ಹತ್ರನೇ ತೆರಿಗೆ."

"ಹಂಗಂತ ಬರೆದು ಕಳಿಸ್ರಿ. ಆದ್ರೆ ಕಳಿಸಾಕೆ ನಲವತ್ತೊಂದು ಮೂವತ್ತು ಆಗ್ತೈತೆ."

ಅರ್ಧ ಗಂಟೆ ನನ್ನ ಮೇಜಿನ ಮುಂದೆ ಕೂತರು. ನೀರು ಕೇಳಿದರು, ಮಜ್ಜಿಗೆ ಕೇಳಿದರು. ಆಮೇಲೆ ನನ್ನ ತಂಗಿಯ ಸುದ್ದಿ ಕೇಳಲು ಶುರು ಮಾಡಿದಾಗ ನನಗೆ ಗಾಬರಿಯಾಯಿತು. ಸಾದಾ ಲಕೋಟೆಗೆ ಐದು ರೂಪಾಯಿಯ ಸ್ಟಾಂಪ್ ಸಾಕು, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ನಾನೇ ದಾರಿ ತೋರಿಸಿದೆ. ದೆಹಲಿಯ ಪ್ರತಿನಿಧಿಯಾಗಿ ನಾನು ಮಾಡಿದ ಏಕೈಕ ಶರಣಾಗತಿ ಅದು. ವಿಳಾಸದಲ್ಲಿ ಬರೀ "ಕೇಂದ್ರ ಸರ್ಕಾರ, ದೆಹಲಿ" ಎಂದಿತ್ತು. ಪಿನ್ ಕೋಡ್ ನಾನೇ ಬರೆದೆ.

ಹದಿನೈದು ದಿನ ಕಳೆದರೂ ದೆಹಲಿಯಿಂದ ಉತ್ತರ ಬರಲಿಲ್ಲ. "ಬಾಯಿ ಬಿಡ್ತಿಲ್ಲ ಅಂದ್ರೆ ಪೆಟ್ಟು ಬಿದ್ದೈತೆ ಅಂತ ಅರ್ಥ" ಎಂದರು ಮಾವ. ಸಮಿತಿ ಒಪ್ಪಿತು. ಇನ್ನು ಆ ಮೂರು ತಾಲ್ಲೂಕಿಗೆ ಹಬ್ಬಿಸಬೇಕು. ಗಿಡ್ಡಪ್ಪ ಮಾವನ ಫೋನಿನಿಂದ ನಲವತ್ತಾರು ಪಾವತಿಗಳ ಪಟ್ಟಿಯ ಚಿತ್ರ ತೆಗೆದು, "ಗೋವಿನಕೋವಿ ಮಾದರಿ, ನೀವೂ ಅನುಸರಿಸಿ" ಎಂದು ತಲೆಬರಹ ಕೊಟ್ಟು, ಕೈಗೆ ಸಿಕ್ಕ ವಾಟ್ಸಾಪ್ ಗುಂಪಿಗೆಲ್ಲ ಹಾಕಿದ. ಪ್ರತಿ ಸಾಲಿನಲ್ಲೂ ಮುರುಗೇಶಪ್ಪನ ಅಂಗಡಿಯ ಹೆಸರು, ಪ್ರತಿ ಹೆಸರಿನ ಕೆಳಗೂ "ಕೇಂದ್ರ ಜಿಎಸ್‌ಟಿ ಕಡಿತ, ರಾಜ್ಯ ಜಿಎಸ್‌ಟಿ ಪಾವತಿ."

ಫಲ ಸಿಕ್ಕಿತು. ಜಗಳೂರಿನಿಂದ ಕೆಂಚೇಶ್ ಎಂಬುವರು ಫೋನ್ ಮಾಡಿ, ಬೋರ್‌ವೆಲ್ ಪೈಪಿನ ಮೇಲೂ ತಡೆಯಬಹುದಾ, ತಡೆದರೆ ಪೈಪಿನವನು ಹೊಡೆಯಾಕೆ ಬಂದರೆ ಸಮಿತಿ ಬರ್ತೈತಾ ಎಂದು ಕೇಳಿದರು. ಚನ್ನಗಿರಿಯಿಂದ ಮಾವನ ಷಡ್ಡಕ ಫೋನ್ ಮಾಡಿ, ಮನೆಯಲ್ಲಿ ಎಲ್ಲ ಸೌಖ್ಯವೇ, ತಲೆಗೆ ಎಣ್ಣೆ ಹಚ್ಚುತ್ತಿದ್ದಾರೆಯೇ ಎಂದು ವಿಚಾರಿಸಿದರು. ಹೊನ್ನಾಳಿಯಿಂದ ಮಾತ್ರ ನಿಜವಾದ ಕರೆ ಬಂತು. ಭಾನುವಾರ ಅಲ್ಲೊಂದು ಸಭೆ, ಶಿವಮೂರ್ತಪ್ಪನವರೇ ಮುಖ್ಯ ಭಾಷಣಕಾರರು, ಹಾರ, ಶಾಲು, ಹಣ್ಣಿನ ಬುಟ್ಟಿ. ಜೀವಮಾನವಿಡೀ ಮಾವನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರನ್ನು ಒಬ್ಬರು ತಾವಾಗಿ ಕರೆದದ್ದು ಅದೇ ಮೊದಲು. ಬಿಳಿ ಅಂಗಿಗೆ ಗಂಜಿ ಹಾಕಿಸಿದರು.

ಗುರುವಾರ ಹನ್ನೆರಡು ಗಂಟೆಗೆ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವರು ದುರ್ಗಾಂಬಿಕಾ, ವಾಣಿಜ್ಯ ತೆರಿಗೆಯ ಇನ್ಸ್‌ಪೆಕ್ಟರ್. ಕೈಯಲ್ಲಿ ಒಂದು ಕಡತ, ಕಡತದ ಮೇಲೆ ಗಿಡ್ಡಪ್ಪ ತೆಗೆದ ಅದೇ ಚಿತ್ರ. ಫೋನಿನ ಪಾವತಿ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬರುತ್ತಿದೆ ಎಂದು ಆ ತಿಂಗಳು ಊರೂರಲ್ಲಿ ಗುಲ್ಲೆದ್ದಿತ್ತು. ಮುರುಗೇಶಪ್ಪನ ಕೈಯಲ್ಲಿದ್ದ ಸೇರು ನೆಲಕ್ಕೆ ಬಿತ್ತು. ಅಂಗಡಿಯ ಮುಂದಿದ್ದ ಗಿಡ್ಡಪ್ಪನಿಗೆ ತನ್ನ ಎಮ್ಮೆ ಕರು ಹಾಕುವುದಿದೆ ಎಂದು ಅದೇ ಹೊತ್ತಿಗೆ ನೆನಪಾಯಿತು. ಅವನು ಎಮ್ಮೆ ಮಾರಿ ವರ್ಷವಾಗಿತ್ತು.

"ಯಜಮಾನ್ರೇ, ನಿಮ್ಮದು ಜಿಎಸ್‌ಟಿ ನೋಂದಣಿ ಐತಾ?"

"ಇಲ್ಲ ತಾಯಿ. ಸಣ್ಣ ಅಂಗಡಿ. ವ್ಯಾಪಾರ ಅಷ್ಟಿಲ್ಲ ಅಂತ ಬ್ಯಾಡ ಅಂದಿದ್ರು."

"ಅದು ಸರಿ, ಬೇಕಾಗಿಲ್ಲ. ಆದ್ರೆ ನೋಂದಣಿ ಇಲ್ಲದೋರು ಗಿರಾಕಿ ಹತ್ರ ಜಿಎಸ್‌ಟಿ ವಸೂಲಿ ಮಾಡಂಗಿಲ್ಲ. ಇಲ್ಲಿ ನಲವತ್ತಾರು ಸಲ ರಾಜ್ಯದ ಜಿಎಸ್‌ಟಿ ನಿಮಗೆ ಪಾವತಿ ಆಗೈತೆ ಅಂತ ಬರದೈತೆ. ಆ ದುಡ್ಡು ಎಲ್ಲೈತ್ರಿ?"

ಅಷ್ಟರಲ್ಲಿ ಸುದ್ದಿ ಹೇಗೋ ಮಾವನ ಮನೆ ಮುಟ್ಟಿತ್ತು. ಮುಟ್ಟಿದ್ದು ಅರ್ಧವೇ: ರಾಜ್ಯ ಸರ್ಕಾರದವರು ಬಂದಿದ್ದಾರೆ, ನಿಮ್ಮ ಚಳವಳಿಯ ಪಟ್ಟಿ ಕೈಯಲ್ಲಿ ಹಿಡಿದಿದ್ದಾರೆ ಎಂದು. ಗಂಜಿ ಹಾಕಿಸಿದ ಅಂಗಿ ತೊಟ್ಟು, ಹೆಗಲ ಮೇಲೆ ಶಲ್ಯ ಹೊದ್ದು, ಮಾವ ಬೀದಿಯ ನಡುವೆ ನಡೆದು ಬಂದರು.

"ಬರ್ರಿ ಮೇಡಂ, ಬರ್ರಿ. ಕೊನೆಗೂ ರಾಜ್ಯ ಸರ್ಕಾರ ನಮ್ಮ ಬೆನ್ನಿಗೆ ನಿಲ್ತು. ಪ್ರೇಮಾ, ಮೇಡಮ್ಮೋರಿಗೆ ಕುರ್ಚಿ ತಾ."

ನಾನು ಕುರ್ಚಿ ತಂದೆ. ಕಣ್ಣಲ್ಲೇ ಸುಮ್ಮನಿರಿ ಎಂದೆ. ಮಾವನಿಗೆ ಕಣ್ಣಿನ ಭಾಷೆ ಬರುವುದಿಲ್ಲ, ರಸೀದಿಯ ಭಾಷೆ ಮಾತ್ರ.

"ಇದನ್ನೆಲ್ಲ ಕಳಿಸಿದೋರು ನೀವೇನಾ?" ಎಂದರು ದುರ್ಗಾಂಬಿಕಾ.

"ನಾನೇ ಮೇಡಂ. ಶಿವಮೂರ್ತಪ್ಪ, ನಿವೃತ್ತ ಬಿಲ್ ಕಲೆಕ್ಟರ್."

"ರಾಜ್ಯದ ಪಾಲು ಇವರಿಗೆ ಕೊಟ್ಟಿದ್ದು ಹೌದಾ?"

"ಒಂದು ಪೈಸೆ ಬಿಡದಂಗೆ ಕೊಟ್ಟೀನಿ ಮೇಡಂ. ಕೇಂದ್ರದ್ದು ತಡೆದಿರಬಹುದು, ರಾಜ್ಯದ್ದು ಎಲ್ಲಾ ಇವನ ಕೈಯಾಗೇ ಐತೆ. ನಾನು ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ."

ದುರ್ಗಾಂಬಿಕಾ ಅದನ್ನು ಬರೆದುಕೊಂಡರು. ಬಿಲ್ ಕಲೆಕ್ಟರ್ ಆಗಿ ಮಾವ ಯಾರನ್ನೂ ಇಷ್ಟು ಚೊಕ್ಕವಾಗಿ ಸಿಕ್ಕಿಸಿರಲಿಲ್ಲ. ಮುರುಗೇಶಪ್ಪ ಸಕ್ಕರೆ ಮೂಟೆಯ ಮೇಲೆ ಕೂತುಬಿಟ್ಟರು. ಹನ್ನೊಂದು ಸದಸ್ಯರಲ್ಲಿ ಒಬ್ಬರೂ ಸುತ್ತಮುತ್ತ ಇರಲಿಲ್ಲ. ಕೆಂಪಕ್ಕ ಮಾತ್ರ ನನ್ನ ಮೆಟ್ಟಿಲ ಮೇಲೆ ಆರಾಮಾಗಿ ಕೂತು ಹೊಗೆಸೊಪ್ಪು ತಿಕ್ಕುತ್ತಿದ್ದಳು.

"ಹಂಗಾರೆ ಯಜಮಾನ್ರ ಮೇಲೆ ಕೇಸ್ ಆಗ್ತೈತೆ" ಎಂದರು ದುರ್ಗಾಂಬಿಕಾ. "ತೆರಿಗೆ ಅಂತ ತಗೊಂಡು ಸರ್ಕಾರಕ್ಕೆ ಕಟ್ಟಿಲ್ಲ. ದಂಡ ಹತ್ತು ಸಾವಿರದಿಂದ ಶುರು."

"ಇವನ ಮೇಲೆ?" ಮಾವನ ಶಲ್ಯ ಜಾರಿತು. "ಮೇಡಂ, ಚಳವಳಿ ಮಾಡಿದ್ದು ನಾನು."

"ನೀವು ಬರೀ ಗಿರಾಕಿ. ಕಾನೂನು ಗಿರಾಕಿನ ಕೇಳಲ್ಲ."

"ಹಂಗಲ್ಲ ಮೇಡಂ. ನಾನು ತಡೆ ಹಿಡಿದಿರೋದು ದೆಹಲಿ ದುಡ್ಡು."

ದುರ್ಗಾಂಬಿಕಾ ಕಡತ ಮುಚ್ಚಿದರು. ಒಳ್ಳೆಯ ಹೆಣ್ಣುಮಗಳು, ಅಷ್ಟು ಹೊತ್ತು ನಗು ತಡೆದುಕೊಂಡಿದ್ದೇ ದೊಡ್ಡದು. "ನೋಡ್ರಿ, ಈ ಪೇಸ್ಟಿನ ತೆರಿಗೆ ಇದು ಅಂಗಡಿಗೆ ಬರಾಕೆ ಮುಂಚೆನೇ ಕಂಪನಿಯೋರು, ಹೋಲ್‌ಸೇಲ್‌ನೋರು ಕಟ್ಟಿ ಮುಗಿಸಿರ್ತಾರೆ. ದೆಹಲಿ ಪಾಲು ದೆಹಲಿಗೆ ಹೋಗಿ ಯಾವ ಕಾಲ ಆತೋ. ಯಜಮಾನ್ರು ಅದನ್ನೆಲ್ಲಾ ಸೇರಿಸಿ ದುಡ್ಡು ಕೊಟ್ಟು ತಂದಿರ್ತಾರೆ. ಈಗ ಎರಡೇ ದಾರಿ. ನೀವು ಹಿಡಿದದ್ದು ತೆರಿಗೆ ಅಂತೀರೋ, ಇವರು ಆರೋಪಿ. ತೆರಿಗೆ ಅಲ್ಲ ಅಂತೀರೋ, ಹಂಗಂತ ನೀವೇ ಕೈಯಾರೆ ಬರೆದು ಕೊಡಬೇಕು. ಯಾಕಂದ್ರೆ ತೆರಿಗೆ ಅಂತ ನಲವತ್ತಾರು ಸಲ ಬರೆದೋರು ನೀವು."

"ತೆರಿಗೆ ಅಲ್ದಿದ್ರೆ ಅದು ಏನು ಮೇಡಂ?"

"ಅದನ್ನೂ ನೀವೇ ಬರೀರಿ."

ತೆರಿಗೆ ಎಂದರೆ ಭಾನುವಾರ ಹೊನ್ನಾಳಿಯಲ್ಲಿ ಹಾರ, ಇಲ್ಲಿ ಗೆಳೆಯನ ಅಂಗಡಿಗೆ ಬೀಗ. ಅಲ್ಲ ಎಂದರೆ ಇಡೀ ತಿಂಗಳು ಊರ ಮುಂದೆ ತಾನು ಮಾಡಿದ್ದೇನು ಎಂದು ಊರ ಮುಂದೆಯೇ ಹೇಳಬೇಕು. ಬೀದಿಯಲ್ಲಿ ಅಷ್ಟು ಹೊತ್ತಿಗೆ ಜನ ಸೇರಿದ್ದರು. ಸರ್ವಮಂಗಳಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

ಮೊದಲು ಮಾತಾಡಿದ್ದು ಮುರುಗೇಶಪ್ಪ. ಮೂಟೆಯಿಂದ ಎದ್ದು ಬಂದು, ಅಧಿಕಾರಿಯ ಹತ್ತಿರ ದನಿ ತಗ್ಗಿಸಿ ಹೇಳಿದರು. ತಗ್ಗಿಸಿದರೂ ನನಗೆ ಕೇಳಿತು.

"ಬ್ಯಾಡ ತಾಯಿ, ಅವನಿಂದ ಬರೆಸಬ್ಯಾಡ್ರಿ. ಭಾನುವಾರ ಹೊನ್ನಾಳಿಯಾಗೆ ಅವನ ಭಾಷಣ ಐತೆ. ಮರ್ಯಾದಿ ಹೋಗ್ತೈತೆ. ದಂಡ ಎಷ್ಟಾತು ಹೇಳ್ರಿ, ನಾನು ಕಟ್ತೀನಿ."

ಮಾವನ ಮೇಲೆ ಎಷ್ಟು ಸಿಟ್ಟು ಬಂತೋ ಮುರುಗೇಶಪ್ಪನ ಮೇಲೂ ಅಷ್ಟೇ ಬಂತು. ಇಷ್ಟು ಒಳ್ಳೆಯವರಾಗಿದ್ದರೆ ಅಂಗಡಿ ಯಾಕೆ ಇಡಬೇಕು ಮನುಷ್ಯ.

ಮಾವ ನನ್ನ ಕೋಣೆಗೆ ನಡೆದರು. ದಾರ ಕಟ್ಟಿಟ್ಟಿದ್ದ ಅಂಚೆ ಪೆನ್ನು ಎಳೆದುಕೊಂಡು, ದೆಹಲಿಯ ಮೇಜಿನ ಮೇಲೆ ಬಗ್ಗಿ ಬರೆದರು. ಅಕ್ಷರ ಮಾತ್ರ ಇಂದಿಗೂ ಮುತ್ತು. ಇಬ್ಬರು ಸಾಕ್ಷಿಗಳ ಮುಂದೆ ಓದಿ ಹೇಳಬೇಕು ಎಂದರು ದುರ್ಗಾಂಬಿಕಾ. ಒಬ್ಬಳು ನಾನು. ಇನ್ನೊಬ್ಬರು ಬೇಕು ಅಂದಾಗ ಕೆಂಪಕ್ಕ ಕೋಲೂರಿಕೊಂಡು ಎದ್ದಳು. ಹೆಬ್ಬೆಟ್ಟಿನವಳು, ಆದರೆ ಕಿವಿ ಚುರುಕು.

ಮಾವ ಬೀದಿಗೆ ಮುಖ ಮಾಡಿ ಓದಿದರು. "ಗೋವಿನಕೋವಿ ವಾಸಿ ಶಿವಮೂರ್ತಪ್ಪ ಎಂಬ ನಾನು ಸ್ವಇಚ್ಛೆಯಿಂದ ಬರೆದುಕೊಟ್ಟ ಹೇಳಿಕೆ. ಸದರಿ ಅಂಗಡಿಯ ಮಾಲೀಕರಾದ ಮುರುಗೇಶಪ್ಪನವರು ನನ್ನಿಂದ ಯಾವ ತೆರಿಗೆಯನ್ನೂ ಕೇಳಿರುವುದಿಲ್ಲ, ಪಡೆದಿರುವುದಿಲ್ಲ. ನಾನು ನಲವತ್ತಾರು ಸಲ ತಡೆಹಿಡಿದದ್ದು ತೆರಿಗೆಯಲ್ಲ. ದೆಹಲಿಗೆ ಇದರಿಂದ ಒಂದು ಪೈಸೆಯೂ ಕಡಿಮೆ ಆಗಿರುವುದಿಲ್ಲ. ತಡೆಹಿಡಿದದ್ದು ಸದರಿ ಮುರುಗೇಶಪ್ಪನ..." ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಸದರಿ ಮುರುಗೇಶಪ್ಪನ ಅನ್ನ. ಇದಕ್ಕೆ ನಾನೇ ಜವಾಬ್ದಾರ."

ಯಾರೂ ನಗಲಿಲ್ಲ. ಕೆಂಪಕ್ಕ ಮಾತ್ರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಳ್ಳುತ್ತಾ ಅಧಿಕಾರಿಯನ್ನು ಕೇಳಿದಳು, "ಇವನ ಮನಿ ಹಂಡೆ ಎತ್ತಲ್ವೇನವ್ವ?"

"ನಮ್ಮ ಇಲಾಖೆಯಾಗೆ ಹಂಡೆ ಇಲ್ಲಜ್ಜಿ" ಎಂದರು ದುರ್ಗಾಂಬಿಕಾ. ಪ್ರಕರಣ ಕೈಬಿಡಲು ಇಷ್ಟು ಸಾಕು ಎಂದು ಹೇಳಿ ಕಾಗದವನ್ನು ಕಡತಕ್ಕೆ ಸೇರಿಸಿದರು. ಕಾರು ಹೊರಟಿತು. ಅದರ ಧೂಳು ಅಡಗುವ ಮೊದಲೇ ಗಿಡ್ಡಪ್ಪ ಎಮ್ಮೆಯ ಹೆರಿಗೆ ಮುಗಿಸಿ ವಾಪಸಾದ.

ಭಾನುವಾರ ಹೊನ್ನಾಳಿಗೆ ಮಾವ ಹೋಗಲಿಲ್ಲ. ಗಿಡ್ಡಪ್ಪ ಹೋಗಿ, ತಾನೇ ಶಿವಮೂರ್ತಪ್ಪ ಎಂದು ಹೇಳಿಕೊಂಡು, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ತಂದ. ಹಾರವನ್ನು ಮಾವನಿಗೆ ತಲುಪಿಸಿದ. ಬುಟ್ಟಿ ದಾರಿಯಲ್ಲೇ ಖಾಲಿಯಾಗಿತ್ತು.

ಮಾವ ಅಂಗಡಿಗೆ ಬಂದದ್ದು ಸೋಮವಾರ. ಏಳು ಗಂಟೆಗಲ್ಲ, ಎಂಟಕ್ಕೆ. ಹೊಸಬರ ಮನೆಗೆ ಹೋದವರಂತೆ ಹೊರಗೇ ನಿಂತರು. ಹನ್ನೊಂದು ಜನ ತಡೆದದ್ದನ್ನೂ ಸೇರಿಸಿ, ಭತ್ತ ಮಾರಿ ಅಷ್ಟೂ ದುಡ್ಡು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಮುರುಗೇಶಪ್ಪ ಅದನ್ನು ಎಣಿಸಲಿಲ್ಲ.

"ಮುರುಗೇಶಿ, ಒಂದು ಪೇಸ್ಟಿನ ಮ್ಯಾಲೆ ನಿನಗೆ ಎಷ್ಟು ಉಳಿತಿತ್ತು?"

"ಎಂಟು ರೂಪಾಯಿ."

"ನಾನು ಒಂಬತ್ತು ಹಿಡಿದಿದ್ದೆ."

"ಹೂಂ."

"ಅಂದ್ರೆ ಒಂದೊಂದು ಪೇಸ್ಟಿಗೂ ನೀನೇ ಒಂದು ರೂಪಾಯಿ ಕೈಯಿಂದ ಹಾಕಿ ನನಗೆ ಕೊಟ್ಟೀಯ. ಮೊದಲನೇ ದಿನಾನೇ ಹೇಳಾಕೆ ಏನಾಗಿತ್ತು ನಿನಗೆ?"

ಮುರುಗೇಶಪ್ಪ ತಕ್ಕಡಿಯ ತಟ್ಟೆ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಹೇಳಿದ್ರೆ ನೀನು ನಾಚಿಕಿಗೆ ಅಂಗಡಿಗೆ ಬರೋದೇ ಬಿಡ್ತಿದ್ದೆ. ಬೆಳಿಗ್ಗೆ ಏಳರಿಂದ ಹನ್ನೊಂದರ ತನಕ ನಾನು ಯಾರ ಹತ್ರ ಮಾತಾಡಲಿ?"